ಹಾರಿಸದೆ ಉಳಿದ ಎರಡು ಗುಂಡು

ನಮ್ಮ ಕಡೆ ಕೋವಿಯ ಸದ್ದು ಕೇಳಿದರೆ ಮೊದಲು ಎಣಿಸುತ್ತಾರೆ. ಒಂದೇ ಆದರೆ ಯಾರದೋ ಮನೆಯಲ್ಲಿ ಗಂಡು ಮಗು ಹುಟ್ಟಿದೆ. ಒಂದರ ಹಿಂದೆ ಒಂದು ಎರಡು ಬಿದ್ದರೆ ಸಾವು. ಎರಡು ಕೇಳಿದ ಕೂಡಲೇ ಗದ್ದೆಯಲ್ಲಿದ್ದವರು ಕೈಕಾಲು ತೊಳೆದುಕೊಂಡು ಆ ದಿಕ್ಕಿಗೆ ಹೊರಡುತ್ತಿದ್ದರು. ಈಗ ವಾಟ್ಸ್ಆ್ಯಪ್‌ನಲ್ಲಿ ಸುದ್ದಿ ಮೊದಲೇ ಬಂದಿರುತ್ತದೆ. ಆದರೂ ಕೊಡವರ ಮನೆಗಳಲ್ಲಿ ಆ ಪದ್ಧತಿ ಉಳಿದಿದೆ. ಎಣಿಸುವ ಅಭ್ಯಾಸ ನಮಗೂ ಉಳಿದಿದೆ.

ನಾನು ಕೊಡವರ ಮನೆಯವಳಲ್ಲ. ನಮ್ಮದು ಸೋಮವಾರಪೇಟೆ ಕಡೆಯ ಕನ್ನಡದ ಮನೆ. ನಮಗೂ ನೆರೆಯ ಕೊಡವರ ಮನೆಗೂ ನಡುವೆ ಒಂದು ಗದ್ದೆ ಬಯಲು, ಒಂದು ತೋಡು, ಅಷ್ಟೇ. ಆ ಮನೆಯ ಅಜ್ಜ ನನಗೆ ಹೇಳಿದ ಒಂದು ಸಂಗತಿಯನ್ನು ಕಾದಂಬರಿ ಮಾಡಬೇಕು ಅಂತ ಎಷ್ಟೋ ವರ್ಷದಿಂದ ಹೆಣಗುತ್ತಿದ್ದೇನೆ. ಹದಿಮೂರು ಹದಿನಾಲ್ಕು ವರ್ಷದ ಓದುಗರಿಗಾಗಿ. 1939ರಿಂದ 1946ರ ತನಕದ ಕೊಡಗು, ಒಂದು ಮನೆ, ಯುದ್ಧಕ್ಕೆ ಹೋದ ಅಣ್ಣ, ಮನೆಯಲ್ಲೇ ಉಳಿದ ತಮ್ಮ. ನನ್ನ ಕಥೆ ತಮ್ಮನದು.

ಯಾಕೆ ತಮ್ಮನದು ಅಂದರೆ, ಅಣ್ಣಂದಿರ ಕಥೆ ನಮ್ಮಲ್ಲಿ ಬೇಕಾದಷ್ಟಿದೆ. ಮಡಿಕೇರಿಯಲ್ಲಿ ಒಂದು ಸುತ್ತು ಹಾಕಿ, ಗೊತ್ತಾಗುತ್ತದೆ. ವೃತ್ತಕ್ಕೊಂದು ಸೇನಾನಿಯ ಪ್ರತಿಮೆ. ಜನರಲ್ ತಿಮ್ಮಯ್ಯ ಅವರ ಮನೆ ಸನ್ನಿ ಸೈಡ್ 2021ರಿಂದ ವಸ್ತುಸಂಗ್ರಹಾಲಯ. ಸೇನಾ ಮುಖ್ಯಸ್ಥರಾಗಿದ್ದ ಕಾರ್ಯಪ್ಪನವರ ಮಗ 1965ರಲ್ಲಿ ಪಾಕಿಸ್ತಾನದಲ್ಲಿ ಸೆರೆ ಸಿಕ್ಕಾಗ, ಬಿಡುವುದಾದರೆ ಎಲ್ಲ ಸೆರೆಯಾಳುಗಳನ್ನೂ ಬಿಡಿ ಅಂತ ಅಪ್ಪ ಹೇಳಿದ್ದು ಇಲ್ಲಿನ ಮಕ್ಕಳಿಗೆಲ್ಲ ಬಾಯಿಪಾಠ. ಈ ಹೆಮ್ಮೆ ನನಗೂ ಇದೆ. ಆದರೆ ಒಬ್ಬ ಹುಡುಗ ಸೈನ್ಯಕ್ಕೆ ಹೋದರೆ ಅವನ ಹಿಂದೆ ಮನೆಯಲ್ಲಿ ಮೂರ್ನಾಲ್ಕು ಮಕ್ಕಳು ಉಳಿಯುತ್ತಿದ್ದರು. ಅವರೂ ಆ ಯುದ್ಧದೊಳಗೇ ಬೆಳೆದರು. ಅವರ ಬಗ್ಗೆ ನಾವು ಒಂದು ಸಾಲೂ ಬರೆದಿಟ್ಟುಕೊಂಡಿಲ್ಲ, ಅಲ್ವಾ?

ಅಜ್ಜನಿಗೆ 1939ರಲ್ಲಿ ಏಳು ವರ್ಷ. ಅಣ್ಣನಿಗೆ ಹತ್ತೊಂಬತ್ತು.

ಬರೆಯಲು ಶುರು ಮಾಡಿದ ಹೊಸದರಲ್ಲಿ ತಾರೀಖುಗಳನ್ನು ನೋಡುತ್ತಾ ಕುಳಿತಿದ್ದೆ. ಒಂದು ತಾರೀಖು ಕಂಡು ಮೈ ಜುಂ ಅಂದಿತು. ಈಗ ಕೈಲ್‌ಪೊಳ್ದ್ ಬರುವುದು ಸೆಪ್ಟೆಂಬರ್ 3ಕ್ಕೆ. 1939ರ ಸೆಪ್ಟೆಂಬರ್ 3, ಒಂದು ಭಾನುವಾರ, ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿತು. ಅವತ್ತೇ ವೈಸ್‌ರಾಯ್ ಲಿನ್‌ಲಿತ್‌ಗೋ, ಇಲ್ಲಿನ ಯಾವ ನಾಯಕರನ್ನೂ ಕೇಳದೆ, ಭಾರತವೂ ಯುದ್ಧದಲ್ಲಿದೆ ಎಂದು ಸಾರಿಬಿಟ್ಟ. ಕೈಲ್‌ಪೊಳ್ದ್ ಅಂದರೆ ಆಯುಧಗಳ ಹಬ್ಬ. ನಾಟಿ ಮುಗಿದಿರುತ್ತದೆ. ಕೋವಿಗಳನ್ನು ಒರೆಸಿ, ತೋಕ್‌ಪೂ ಸಿಕ್ಕಿಸಿ ದೀಪದ ಮುಂದೆ ಇಡುತ್ತಾರೆ. ಆ ಹೂವನ್ನು ನೋಡಿದ್ದೀರಾ? ಬೆಂಕಿಯ ನಾಲಗೆ ಹಾಗೆ, ತುದಿ ಕೆಂಪು, ಬುಡ ಹಳದಿ. ಅಕ್ಕಿಯ ಕಡುಂಬುಟ್ಟು, ಹಂದಿ ಮಾಂಸದ ಪಂದಿ ಕರಿ, ಮಧ್ಯಾಹ್ನದ ಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಇತ್ತ ಹೂ ಮುಡಿದ ಕೋವಿ, ಅತ್ತ ಲಂಡನ್ನಿನಲ್ಲಿ ಯುದ್ಧ. ನನ್ನ ಮೊದಲ ಅಧ್ಯಾಯ ಸಿಕ್ಕಿತು ಅಂದುಕೊಂಡೆ.

ಎರಡು ದಿನ ಕೂತು ಬರೆದೆ. ಹಬ್ಬದ ಮನೆ, ಹುಡುಗನಿಗೆ ಏನೋ ತಳಮಳ, ಬೆಟ್ಟದ ಮೇಲೆ ಕಪ್ಪು ಮೋಡ, ಅಮ್ಮನ ಕೈಯಿಂದ ಪಾತ್ರೆ ಜಾರುವುದು. ಮೂರನೇ ದಿನ ಓದಿದಾಗ ನಾಚಿಕೆಯಾಯಿತು. ಆ ಏಳು ವರ್ಷದ ಹುಡುಗನಿಗೆ ಯಾವ ತಳಮಳವೂ ಇರಲಿಲ್ಲ. ಅವನಿಗೆ ಆವತ್ತು ಇದ್ದದ್ದು ಹಬ್ಬ ಮಾತ್ರ. ತಳಮಳ ನನ್ನದು, ಮುಂದೇನಾಯಿತು ಅಂತ ಗೊತ್ತಿರುವವಳದು. ಅದನ್ನು ಒಯ್ದು ಅವನ ಎದೆಯಲ್ಲಿ ಇಟ್ಟುಬಿಟ್ಟಿದ್ದೆ. ಅಷ್ಟನ್ನೂ ತೆಗೆದುಹಾಕಿದೆ.

ಇತಿಹಾಸದ ಕಥೆ ಬರೆಯುವವರಿಗೆ ಇದಕ್ಕಿಂತ ದೊಡ್ಡ ತೊಡಕು ಇಲ್ಲ ಅಂತ ನನಗೆ ಈಗ ಅನ್ನಿಸುತ್ತದೆ. ನಮಗೆ ಮುಂದಿನ ಪುಟ ಗೊತ್ತು. ಯುದ್ಧ 1945ಕ್ಕೆ ಮುಗಿಯಿತು ಅಂತ ಗೊತ್ತು. 1943ರ ಮಳೆಗಾಲದಲ್ಲಿ ಕಿಟಕಿಯ ಹತ್ತಿರ ಕೂತ ಮಗುವಿಗೆ ಅದು ಗೊತ್ತಿಲ್ಲ. ಅವನ ಲೆಕ್ಕದಲ್ಲಿ ಅದು ಇನ್ನೂ ಇಪ್ಪತ್ತು ವರ್ಷ ನಡೆಯಬಹುದು. ನಾಳೆಯೇ ನಿಲ್ಲಬಹುದು. ಆ ಗೊತ್ತಿಲ್ಲದಿರುವಿಕೆಯನ್ನು ಪುಟದ ಮೇಲೆ ತರಲು ಆಗದಿದ್ದರೆ, ತಾರೀಖು ಎಷ್ಟು ಸರಿಯಿದ್ದರೂ ಏನು ಬಂತು?

ತಾರೀಖು ಬೇಡ ಅಂತ ಹೇಳುತ್ತಿಲ್ಲ. ಬೇಕು, ಚೆನ್ನಾಗಿಯೇ ಬೇಕು. ಆಗ ಕೊಡಗು ಬ್ರಿಟಿಷರ ಕೈಕೆಳಗಿನ ಬೇರೆಯದೇ ಸಣ್ಣ ಪ್ರಾಂತ. ಚೀಫ್ ಕಮಿಷನರ್ ಆಳ್ವಿಕೆ. ಮೈಸೂರು ಮಹಾರಾಜರದು. ಇವತ್ತಿನ ಕುಶಾಲನಗರಕ್ಕೆ ಆಗ ಫ್ರೇಸರ್‌ಪೇಟೆ ಅಂತ ಹೆಸರು. ಅಲ್ಲಿ ಕಾವೇರಿ ಸೇತುವೆ ದಾಟಿದರೆ ಬೇರೆ ಸಂಸ್ಥಾನ. 1956ರ ನವೆಂಬರ್ 1ಕ್ಕೆ ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. ರೈಲು ಆಗಲೂ ಇರಲಿಲ್ಲ, ಈಗಲೂ ಇಲ್ಲ. ಸೈನ್ಯಕ್ಕೆ ಹೋಗುವ ಹುಡುಗ ಬಸ್ಸಿನಲ್ಲಿ ಮೈಸೂರಿಗೆ ಹೋಗಿ ಅಲ್ಲಿಂದ ರೈಲು ಹಿಡಿಯಬೇಕು. ಹಾಗಾಗಿ ನನ್ನ ಕಥೆಯಲ್ಲಿ ರೈಲ್ವೆ ಪ್ಲಾಟ್‌ಫಾರ್ಮಿನ ಬೀಳ್ಕೊಡುಗೆ ಇಲ್ಲ. ಮಣ್ಣಿನ ರಸ್ತೆ, ಬಸ್ಸು, ತಿರುವು. ತಿರುವಿನಲ್ಲಿ ಬಸ್ಸು ಮರೆಯಾಗುತ್ತದೆ. ಆದರೆ ಕೊಡಗಿನ ರಸ್ತೆ ಅಲ್ವಾ, ಕೆಳಗಿನ ಸುತ್ತಿನಲ್ಲಿ ಮತ್ತೆ ಕಾಣುತ್ತದೆ. ಮತ್ತೆ ಮರೆಯಾಗುತ್ತದೆ. ಮೂರು ಸಲ ಕಂಡಿತು ಅಂತ ಅಜ್ಜ ಹೇಳಿದ್ದರು. ಮೂರನೇ ಸಲ ಕೈ ಬೀಸಲಿಲ್ಲ, ಇನ್ನೊಂದು ಸಲ ಕಾಣುತ್ತದೆ ಅಂದುಕೊಂಡಿದ್ದೆ ಅಂದರು.

ಅಣ್ಣ 1940ರಲ್ಲಿ ಹೋದದ್ದು. ಆ ಯುದ್ಧ ಮುಗಿಯುವ ಹೊತ್ತಿಗೆ ಭಾರತದ ಸೇನೆ 25 ಲಕ್ಷಕ್ಕೆ ಮುಟ್ಟಿತು. ಬಲವಂತದ ಭರ್ತಿ ಇರಲಿಲ್ಲ. ಹೊಟ್ಟೆಪಾಡಿಗೆ, ಮನೆತನದ ಹೆಸರಿಗೆ, ಊರು ಬಿಟ್ಟು ಹೋಗುವ ಆಸೆಗೆ, ಒಬ್ಬೊಬ್ಬರದು ಒಂದೊಂದು ಕಾರಣ. ಅಣ್ಣನ ಕಾರಣ ಏನು ಅಂತ ಕೇಳಿದ್ದೆ. "ಕಾಫಿಗೆ ಬೆಲೆ ಇರಲಿಲ್ಲಮ್ಮ" ಅಂದರು. ಈ ಮಾತಿನ ತೂಕ ನನಗೆ ಅರ್ಥವಾದದ್ದು ಆಮೇಲೆ. ಯುದ್ಧ ಶುರುವಾದ ಮೇಲೆ ಯುರೋಪಿನ ಮಾರುಕಟ್ಟೆಗಳು ಮುಚ್ಚಿದವು. ಕಾಫಿ ಗೋದಾಮಿನಲ್ಲೇ ಕೂತಿತು. 1940ರಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. 1942ರಲ್ಲಿ ಅದು ಕಾಯ್ದೆಯಾಯಿತು. ಬೆಳೆದ ಕಾಫಿಯೆಲ್ಲ ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರ ಕಾಫಿ ಒಟ್ಟು ಸೇರುವ ದಾಸ್ತಾನಿಗೆ, ಹೋಗಬೇಕು, ಮಾರುವುದು ಅವರು. ಆ ಪದ್ಧತಿ 1990ರ ದಶಕದ ತನಕ ನಡೆಯಿತು. ನಮ್ಮ ಅಪ್ಪ ಪೂಲ್ ಪೂಲ್ ಅಂತ ಗೊಣಗುತ್ತಿದ್ದದ್ದು ನನಗೆ ನೆನಪಿದೆ. ಹಿಟ್ಲರ್ ಪೋಲೆಂಡಿಗೆ ನುಗ್ಗಿದ್ದಕ್ಕೂ ನಮ್ಮ ಅಪ್ಪನ ಗೊಣಗಾಟಕ್ಕೂ ನಂಟು ಇದೆ ಅಂತ ಆಗ ಯಾರಿಗೆ ಗೊತ್ತಿತ್ತು!

ಅಣ್ಣನ ಕಾಗದಗಳು ಆ ಮನೆಯ ಅಟ್ಟದ ಮೇಲಿನ ತಗಡಿನ ಟ್ರಂಕಿನಲ್ಲಿದ್ದವು. 2016ರ ಬೇಸಿಗೆಯಲ್ಲಿ ಅಜ್ಜ ಅದನ್ನು ಇಳಿಸಿ ತೋರಿಸಿದರು. ಹತ್ತು ಹನ್ನೆರಡು ಇರಬಹುದು. ಅವರ ಮನೆಮಾತು ಕೊಡವ ತಕ್ಕ್‌ನಲ್ಲಿ ಬರೆದದ್ದು, ಕನ್ನಡ ಅಕ್ಷರದಲ್ಲಿ. ನನಗೆ ಮುಕ್ಕಾಲು ಅರ್ಥವಾಗುತ್ತಿತ್ತು, ಉಳಿದದ್ದನ್ನು ಅಜ್ಜ ಹೇಳುತ್ತಿದ್ದರು. ಎಲ್ಲಿದ್ದೇನೆ ಅಂತ ಒಂದರಲ್ಲೂ ಇಲ್ಲ. ಸೆನ್ಸಾರ್ ಇತ್ತಲ್ಲ. ಎರಡು ಕಡೆ ಸಾಲುಗಳ ಮೇಲೆ ದಪ್ಪಗೆ ಕಪ್ಪು ಬಳಿದಿದ್ದರು. ಯುದ್ಧದ ಸುದ್ದಿಯೇ ಇಲ್ಲ. ಮಳೆ ಹಿಡಿಯಿತಾ? ಕಿತ್ತಳೆ ಎಷ್ಟು ಬಿಟ್ಟಿದೆ? ತಂಗಿಗೆ ಜ್ವರ ಬಿಟ್ಟಿತಾ? ಕೆಂಪು ಹಸು ಗಬ್ಬವಾಗಿದೆ ಅಂತ ಬರೆದಿದ್ದೀರಿ, ಕರು ಹಾಕಿದರೆ ನಾನು ಬರುವ ತನಕ ಹೆಸರಿಡಬೇಡಿ. ಆ ಮನೆಯಲ್ಲಿ ಕರುಗಳಿಗೆ ಹೆಸರಿಡುವುದು ಅವನ ಕೆಲಸವಂತೆ. ಚಿಕ್ಕಂದಿನಿಂದಲೂ.

ಫೋಟೋ ತೆಗೆದುಕೊಳ್ಳುತ್ತೇನೆ ಅಂದೆ. ಇನ್ನೊಂದು ದಿನ ನಿಧಾನವಾಗಿ ತೆಗೆ ಅಂದರು. ನಾನೂ ಆಯ್ತು ಅಂದೆ.

2018ರ ಆಗಸ್ಟ್‌ನಲ್ಲಿ ನಮ್ಮ ಬೆಟ್ಟಗಳು ಜಾರಿದವು. ಮಾದಾಪುರ, ಹಟ್ಟಿಹೊಳೆ, ಮಕ್ಕಂದೂರು, ಈ ಹೆಸರುಗಳನ್ನೆಲ್ಲ ನೀವು ಟಿವಿಯಲ್ಲಿ ಕೇಳಿರುತ್ತೀರಿ. ಅಜ್ಜನ ಮನೆಯವರು ಹಿಂದಿನ ರಾತ್ರಿಯೇ ಹೊರಟು ಬಂದಿದ್ದರು. ಜೀವ ಉಳಿಯಿತು. ಮನೆಯ ಹಿಂದಿನ ಭಾಗ, ಅಟ್ಟದ ಸಮೇತ, ಮಣ್ಣಿನ ಜೊತೆ ತೋಡಿಗೆ ಹೋಯಿತು. ಟ್ರಂಕು ಸಿಗಲಿಲ್ಲ. ಪರಿಹಾರ ಕೇಂದ್ರದ ಚಾಪೆಯ ಮೇಲೆ ಕೂತ ಅಜ್ಜ ನನ್ನನ್ನು ನೋಡಿ ಮೊದಲು ಹೇಳಿದ್ದು, "ಕಾಗದ ನೀನು ಓದಿದ್ದೀಯಲ್ಲ" ಅಂತ.

ಅವತ್ತಿನಿಂದ ಈ ಕಥೆ ನನ್ನ ಹವ್ಯಾಸವಾಗಿ ಉಳಿದಿಲ್ಲ.

ಕಾಗದ ಬರುವುದು ನಿಂತದ್ದು 1942ರ ಶುರುವಿನಲ್ಲಿ. ಫೆಬ್ರವರಿ 15ಕ್ಕೆ ಸಿಂಗಾಪುರ ಜಪಾನೀಯರ ಕೈಗೆ ಹೋಯಿತು. ಭಾರತದ ಸೈನಿಕರು ಸಾವಿರ ಸಾವಿರ ಸಂಖ್ಯೆಯಲ್ಲಿ ಸೆರೆಯಾದರು. ಅದಾಗಿ ಎಷ್ಟೋ ದಿನದ ಮೇಲೆ ಒಂದು ಸರ್ಕಾರಿ ಕಾಗದ ಬಂತು. ಇಂಗ್ಲಿಷಿನಲ್ಲಿ. ಅಂಚೆಯವನ ಕೈಯಿಂದ ಅದನ್ನು ಇಸಿದುಕೊಂಡದ್ದು ಹತ್ತು ವರ್ಷದ ತಮ್ಮ. ಮನೆಯಲ್ಲಿ ಇಂಗ್ಲಿಷ್ ಬರುವವರು ಯಾರೂ ಇರಲಿಲ್ಲ. ಅಪ್ಪ ಅವನ ಕೈಯಲ್ಲೇ ಕೊಟ್ಟು ಮೇಷ್ಟರ ಹತ್ತಿರ ಓದಿಸಿಕೊಂಡು ಬಾ ಅಂದರು. ಎರಡು ಮೈಲಿ. ಹುಡುಗ ಆ ಕಾಗದವನ್ನು ಅಂಗಿಯೊಳಗೆ ಇಟ್ಟುಕೊಂಡು ಓಡಿದ. ಮೇಷ್ಟರು ಓದಿದರು. ಸತ್ತ ಅಂತ ಬರೆದಿಲ್ಲ ಅಂದರು. ಬದುಕಿದ್ದಾನೆ ಅಂತಲೂ ಬರೆದಿಲ್ಲ ಅಂದರು. ನಾಪತ್ತೆ ಅಂತ ಬರೆದಿದ್ದಾರೆ ಅಂದರು.

ವಾಪಸ್ ಬರುವ ಎರಡು ಮೈಲಿ ನನ್ನ ಕಾದಂಬರಿಯ ನಡುಭಾಗ. ಸುಮಾರು ಹದಿನೈದು ಸಲ ಬರೆದಿದ್ದೇನೆ. ದಾರಿಯಲ್ಲಿ ಏನು ಯೋಚಿಸಿದಿರಿ ಅಂತ ಅಜ್ಜನನ್ನು ಕೇಳಿದ್ದೆ. ತುಂಬ ಹೊತ್ತು ಸುಮ್ಮನಿದ್ದು, ಹಸಿವಾಗಿತ್ತು ಅಂದರು. ಒಂದು ಪೇರಲೆ ಮರ ಹತ್ತಿ ಹಣ್ಣು ತಿಂದರಂತೆ. ಎಂಬತ್ತು ದಾಟಿದ ಮೇಲೂ ಅವರಿಗೆ ಅದು ತಪ್ಪು ಅನ್ನಿಸುತ್ತಿತ್ತು. ಅಂಥಾ ಕಾಗದ ಇಟ್ಟುಕೊಂಡು ಹಣ್ಣು ತಿಂದೆ ಅಂತ. ನನ್ನ ಕಥೆಯಲ್ಲೂ ಹುಡುಗ ಮರ ಹತ್ತುತ್ತಾನೆ. ಆ ಪೇರಲೆಯನ್ನು ನಾನು ಯಾರು ಹೇಳಿದರೂ ತೆಗೆಯುವುದಿಲ್ಲ.

ಆಮೇಲಿನ ಮೂರೂವರೆ ವರ್ಷ. ಬರ್ಮಾ ಬಿದ್ದ ಮೇಲೆ ಅಲ್ಲಿನ ಅಕ್ಕಿ ನಿಂತಿತು. ಘಟ್ಟದ ಕೆಳಗಿನ ಮಲಬಾರಿನವರು ಆ ಅಕ್ಕಿಯನ್ನೇ ನೆಚ್ಚಿದ್ದರು. ಸೀಮೆಎಣ್ಣೆ, ಬಟ್ಟೆ, ಸಕ್ಕರೆ, ಎಲ್ಲಕ್ಕೂ ಕೊರತೆ. ಪೆಟ್ರೋಲ್ ಇಲ್ಲದೆ ಬಸ್ಸುಗಳು ಇದ್ದಿಲಿನ ಹೊಗೆಯಿಂದ ಓಡುತ್ತಿದ್ದ ಕಾಲ. ಆ ಬಸ್ಸು ಏರಿನಲ್ಲಿ ನಿಂತುಬಿಟ್ಟರೆ ಜನ ಇಳಿದು ತಳ್ಳಬೇಕು. ಇದನ್ನೆಲ್ಲ ಓದಿ ತಿಳಿಯಬಹುದು. ಆದರೆ ಒಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. ಜಗತ್ತಿನ ಕ್ವಿನೈನ್‌ನ ಬಹುಪಾಲು ಆಗ ಜಾವಾದಿಂದ ಬರುತ್ತಿತ್ತು. 1942ರ ಮಾರ್ಚ್‌ನಲ್ಲಿ ಜಾವಾ ಜಪಾನಿಗೆ ಸೇರಿತು. ಮಲೆನಾಡಿನ ಮಕ್ಕಳು ಮಲೇರಿಯಾದಲ್ಲಿ ನಡುಗುತ್ತಾ ಬೆಳೆದ ಕಾಲ ಅದು. ತಂಗಿಗೆ ಜ್ವರ ಬಿಟ್ಟಿತಾ ಅಂತ ಅಣ್ಣ ಬರೆದಿದ್ದನಲ್ಲ, ಆ ತಂಗಿಗೆ ಮತ್ತೆ ಜ್ವರ ಬಂದಾಗ ಔಷಧಿ ಸಿಗಲಿಲ್ಲ. ಅಜ್ಜ ಅವಳ ಬಗ್ಗೆ ಇದಕ್ಕಿಂತ ಜಾಸ್ತಿ ಯಾವತ್ತೂ ಮಾತಾಡಲಿಲ್ಲ. ನಾನೂ ಕೇಳಲಿಲ್ಲ. ಯುದ್ಧ ಅಂದರೆ ಗಡಿ, ಕಂದಕ, ವಿಮಾನ ಅಂದುಕೊಂಡಿರುವ ಇವತ್ತಿನ ಮಕ್ಕಳಿಗೆ ಆ ಸಿಗದ ಮಾತ್ರೆಯ ಬಗ್ಗೆ ಹೇಳಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಊರಲ್ಲಿ ಬಾಯಿಗೊಂದು ಮಾತು. ಸೆರೆಯಲ್ಲಿದ್ದಾನೆ ಅಂದರು ಒಬ್ಬರು. ಸುಭಾಷರ ಐಎನ್‌ಎ, ಅಂದರೆ ಜಪಾನಿನ ಜೊತೆ ನಿಂತು ಬ್ರಿಟಿಷರ ವಿರುದ್ಧ ಕಾದಿದ ಆಜಾದ್ ಹಿಂದ್ ಫೌಜ್, ಸೇರಿದ್ದಾನೆ ಅಂದರು ಇನ್ನೊಬ್ಬರು. ಹಾಗೆ ಸೇರಿದ್ದರೆ ಹೆಮ್ಮೆ ಪಡಬೇಕಾ, ಹೆದರಬೇಕಾ? ಹತ್ತಿರದ ಮನೆಯ ಇನ್ನೊಬ್ಬ ಹುಡುಗ ಬ್ರಿಟಿಷರ ಕಡೆ ಬರ್ಮಾದಲ್ಲಿ ಕಾದುತ್ತಿದ್ದಾನೆ. ಇದು ನಾನು ಕಟ್ಟಿದ ತೊಡಕಲ್ಲ. ತಿಮ್ಮಯ್ಯ ಅವರ ಮನೆಯಲ್ಲೇ ನಡೆದದ್ದು. ಅವರು ಬರ್ಮಾದ ಅರಾಕಾನ್‌ನಲ್ಲಿ ಜಪಾನೀಯರ ವಿರುದ್ಧ ಪಡೆ ನಡೆಸಿದರು. ಅವರ ಅಣ್ಣ ಸಿಂಗಾಪುರ ಬಿದ್ದ ಮೇಲೆ ಐಎನ್‌ಎ ಸೇರಿದ್ದರು. ಒಂದೇ ತಾಯಿಯ ಮಕ್ಕಳು. ದೊಡ್ಡವರು ಇದನ್ನು ಹೇಗೋ ಮನಸ್ಸಿನಲ್ಲಿ ಹೊಂದಿಸಿಕೊಳ್ಳಬಹುದು. ಹನ್ನೊಂದು ವರ್ಷದ ಹುಡುಗ ಶಾಲೆಯ ಆಟದಲ್ಲಿ ಯಾವ ಕಡೆ ನಿಲ್ಲಬೇಕು? ನನ್ನ ಕಥೆಯಲ್ಲಿ ಅವನು ಆಟಕ್ಕೆ ಹೋಗುವುದನ್ನೇ ಬಿಡುತ್ತಾನೆ.

ಇದನ್ನೆಲ್ಲ ಆಗಲೇ ಬರೆಯಬಲ್ಲವರು ಒಬ್ಬರಿದ್ದರು ಅಂತ ನಾನು ಆಗಾಗ ಅಂದುಕೊಳ್ಳುತ್ತೇನೆ. ಕೊಡಗಿನ ಗೌರಮ್ಮ. ಮನೆಯೊಳಗಿನ ಹೆಣ್ಣುಮಕ್ಕಳ ಸಂಕಟವನ್ನು ಅಷ್ಟು ನೇರವಾಗಿ ಕಥೆ ಮಾಡಿದವರು. 1939ರ ಏಪ್ರಿಲ್‌ನಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡರು. ವಯಸ್ಸು 27. ಯುದ್ಧಕ್ಕೆ ಇನ್ನೂ ಐದು ತಿಂಗಳಿತ್ತು. ಅವರು ಬದುಕಿದ್ದರೆ ಕಾಗದಕ್ಕೆ ಕಾಯುವ ಅಕ್ಕತಂಗಿಯರು ನಮಗೆ ಅವರ ಕನ್ನಡದಲ್ಲಿ ಸಿಗುತ್ತಿದ್ದರು. ಆ ನಷ್ಟವನ್ನು ತುಂಬುವುದು ನನ್ನಿಂದ ಆಗುವ ಮಾತಲ್ಲ. ನನ್ನ ಕೈಲಾದದ್ದು, ಅಜ್ಜ ಹೇಳಿದ್ದನ್ನು ಕೆಡಿಸದೆ ದಾಟಿಸುವುದು.

ಕೆಡಿಸದೆ ಅಂದೆ. ಆದರೆ ಇದು ಕಥೆ, ಎಷ್ಟೋ ಸೇರಿಸಿದ್ದೇನೆ. ಆ ಮೇಷ್ಟರಿಗೆ ಒಂದು ಮಗಳನ್ನು ಕೊಟ್ಟಿದ್ದೇನೆ. ಹುಡುಗನಿಗೆ ತೋಟದ ಕೂಲಿಯವರ ಲೈನ್ ಮನೆಯ ಒಬ್ಬ ಗೆಳೆಯನನ್ನು ಕೊಟ್ಟಿದ್ದೇನೆ, ಯಾಕಂದರೆ ತೋಟದ ಲೈನಿನಲ್ಲಿದ್ದ ಮಕ್ಕಳೂ ಅದೇ ಯುದ್ಧದಲ್ಲಿ ಅರೆಹೊಟ್ಟೆಯಲ್ಲಿದ್ದರು. ಈ ಮಕ್ಕಳು ತಮ್ಮ ತಮ್ಮಲ್ಲಿ ಯಾವ ಭಾಷೆಯಲ್ಲಿ ಮಾತಾಡುತ್ತಿದ್ದರು ಅನ್ನೋದು ಇನ್ನೊಂದು ಪ್ರಶ್ನೆ. ಮನೆಯಲ್ಲಿ ಕೊಡವ ತಕ್ಕ್, ಶಾಲೆಯಲ್ಲಿ ಕನ್ನಡ, ಲೈನಿನಲ್ಲಿ ತುಳು, ಮಲಯಾಳ, ದೊರೆಗಳ ಬಾಯಲ್ಲಿ ಇಂಗ್ಲಿಷ್. ನಾನು ಬರೆಯುವುದು ಕನ್ನಡದಲ್ಲಿ. ಆದರೂ ಅವ್ವ ಮಗನನ್ನು ಕರೆಯುವಾಗ ಅದು ಕನ್ನಡದ ಕರೆ ಆಗಬಾರದು ಅಂತ ಎಚ್ಚರ ವಹಿಸುತ್ತೇನೆ. ಸೇರಿಸಬಾರದ್ದು ಒಂದೇ ಅಂತ ಇಟ್ಟುಕೊಂಡಿದ್ದೇನೆ. ಹುಡುಗನಿಗೆ ವೀರತನ. ಅವನು ಗೂಢಚಾರನನ್ನು ಹಿಡಿಯುವುದಿಲ್ಲ. ಯಾರನ್ನೂ ಪಾರು ಮಾಡುವುದಿಲ್ಲ. ಮಕ್ಕಳ ಪುಸ್ತಕ ಅಂದರೆ ಸಾಹಸ ಬೇಕೇ ಬೇಕು ಅಂತ ಒಬ್ಬರು ಪ್ರಕಾಶಕರು ಹೇಳಿದರು. ನನಗೆ ಒಪ್ಪಿಗೆಯಾಗಲಿಲ್ಲ. ಕಾಯುವುದು ಎಷ್ಟು ಕಷ್ಟ ಅಂತ ಸೈನಿಕರ ಮನೆಯ ಮಕ್ಕಳನ್ನು ಕೇಳಿ ನೋಡಲಿ.

ನಾಪತ್ತೆ ಅನ್ನುವ ಮಾತು 1942ಕ್ಕೇ ಮುಗಿಯಲಿಲ್ಲ. ಸ್ಕ್ವಾಡ್ರನ್ ಲೀಡರ್ ದೇವಯ್ಯ ಅವರ ಪ್ರತಿಮೆ ಮಡಿಕೇರಿಯಲ್ಲಿದೆ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಹೋದವರು ವಾಪಸ್ ಬರಲಿಲ್ಲ. ತಮ್ಮ ಮಿಸ್ಟೇರ್ ವಿಮಾನದಲ್ಲಿ, ಅದಕ್ಕಿಂತ ಎಷ್ಟೋ ವೇಗದ, ಪಾಕಿಸ್ತಾನದ ಸ್ಟಾರ್‌ಫೈಟರ್ ಅನ್ನು ಹೊಡೆದು ಬೀಳಿಸಿದ್ದರು ಅನ್ನುವುದು ಇಲ್ಲಿ ಬಹಳ ಕಾಲ ಯಾರಿಗೂ ಗೊತ್ತಿರಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. 23 ವರ್ಷ. ಮನೆಯಲ್ಲಿ ಎಳೆಯ ಹೆಣ್ಣುಮಕ್ಕಳಿದ್ದರು. ಆ ವೃತ್ತ ದಾಟುವಾಗಲೆಲ್ಲ ನಾನು ಪ್ರತಿಮೆಗಿಂತ ಆ 23 ವರ್ಷವನ್ನು ನೆನೆಯುತ್ತೇನೆ.

ಅಜ್ಜನ ಅಣ್ಣ ಬರಲಿಲ್ಲ. 1945ರ ಆಗಸ್ಟ್‌ನಲ್ಲಿ ಜಪಾನ್ ಶರಣಾಯಿತು. 1946ರಲ್ಲಿ ಸೆರೆಯಿಂದ ಬಿಟ್ಟವರು ಒಬ್ಬೊಬ್ಬರೇ ಊರು ಸೇರಿದರು. ಅವನನ್ನು ನೋಡಿದೆ ಅಂದವರು ಇದ್ದರು. ಎಲ್ಲಿ, ಯಾವಾಗ ಅಂತ ಕೇಳಿದರೆ ಮಾತು ಬದಲಾಗುತ್ತಿತ್ತು. ಅಪ್ಪ ಒಂದು ದಿನ ಹಿರಿಯರ ಜೊತೆ ಕೂತು, ಇನ್ನು ಮಾಡಬೇಕಾದ್ದನ್ನು ಮಾಡೋಣ ಅಂದರಂತೆ. ಎರಡು ಗುಂಡು ಹಾರಿಸಿ ಕರ್ಮ ಮುಗಿಸುವುದು. ಕೋವಿ ತಾ ಅಂತ ಹದಿನಾಲ್ಕು ವರ್ಷದ ತಮ್ಮನಿಗೆ ಹೇಳಿದರಂತೆ. ಅವ್ವ ಕನ್ನಿಕೋಂಬರೆಯ, ಅಂದರೆ ಹಿರಿಯರನ್ನು ಪೂಜಿಸುವ ಕೋಣೆಯ, ಬಾಗಿಲಿಗೆ ಅಡ್ಡ ನಿಂತಳಂತೆ. ಬೈಯಲಿಲ್ಲ, ಅಳಲಿಲ್ಲ, ಸುಮ್ನೆ ನಿಂತಳು ಅಂದರು ಅಜ್ಜ. ಯಾರೂ ಅವಳನ್ನು ಸರಿಸಲಿಲ್ಲ. ಆ ಗುಂಡು ಆವತ್ತು ಹಾರಲಿಲ್ಲ. ಆಮೇಲೂ ಹಾರಲಿಲ್ಲ.

2019ರಲ್ಲಿ ಅಜ್ಜ ತೀರಿಕೊಂಡರು. ಬೆಳಗಿನ ಜಾವ, ಮಂಜು ಇತ್ತು. ಸದ್ದು ಕೇಳಿದಾಗ ನಾನು ಹಿತ್ತಲಿನಲ್ಲಿದ್ದೆ. ಒಂದು, ಎರಡು. ಅಲ್ಲೇ ನಿಂತುಕೊಂಡೆ. ಇನ್ನೂ ಎರಡು ಕೇಳಬಹುದಾ ಅಂತ ಯಾಕೋ ಕಾದೆ.

ಶನಿವಾರ ಮಧ್ಯಾಹ್ನ ನಮ್ಮೂರ ಶಾಲೆಯ ಏಳೆಂಟು ಮಕ್ಕಳು ಜಗಲಿಗೆ ಓದಲು ಬರುತ್ತಾರೆ. ಅದರಲ್ಲಿ ಇಬ್ಬರ ಅಪ್ಪಂದಿರು ಈಗ ಸೈನ್ಯದಲ್ಲಿದ್ದಾರೆ. ಹೋದ ತಿಂಗಳು ಧೈರ್ಯ ಮಾಡಿ ಹಸ್ತಪ್ರತಿಯನ್ನು ಅವರಿಗೆ ಓದಿ ಹೇಳಿದೆ. ನಾಲ್ಕು ಶನಿವಾರ ಹಿಡಿಯಿತು. ಸಿಂಗಾಪುರ, ಸೆನ್ಸಾರ್, ಕ್ವಿನೈನ್, ಎಲ್ಲವನ್ನೂ ಕೇಳಿಸಿಕೊಂಡರು. ಬಾಗಿಲಿಗೆ ಅಡ್ಡ ನಿಂತ ಅವ್ವನ ಅಧ್ಯಾಯ ಮುಗಿದಾಗ ಯಾರೂ ಮಾತಾಡಲಿಲ್ಲ. ಆಮೇಲೆ ಆರನೇ ಕ್ಲಾಸಿನ ಹುಡುಗಿ, ಅವಳ ಅಪ್ಪ ಸಿಯಾಚಿನ್‌ನಲ್ಲಿ ಇದ್ದು ಬಂದವರು, ಕೈ ಎತ್ತಿ ಕೇಳಿದಳು. "ಟೀಚರ್, ಕರುವಿಗೆ ಏನು ಹೆಸರಿಟ್ಟರು?"

ಆ ಪುಟ ನಾನು ಬರೆದೇ ಇರಲಿಲ್ಲ. ಅಜ್ಜ ಹೇಳಿದ್ದು ನೆನಪಿತ್ತು, ಕಥೆಗೆ ಬೇಕಿಲ್ಲ ಅಂತ ಬಿಟ್ಟಿದ್ದೆ. ಅವಳಿಗೆ ಬಾಯಲ್ಲೇ ಹೇಳಿದೆ. ಯುದ್ಧ ಮುಗಿಯುವ ಹೊತ್ತಿಗೆ ಆ ಕೆಂಪು ಹಸು ಮೂರು ಕರು ಹಾಕಿತ್ತಂತೆ. ಮೂರಕ್ಕೂ ಹೆಸರಿಡಲಿಲ್ಲ. ದೊಡ್ಡದು, ನಡುವಿನದು, ಚಿಕ್ಕದು ಅಂತ ಕರೆಯುತ್ತಿದ್ದರಂತೆ. ಅಣ್ಣ ಬಂದು ಇಡಲಿ ಅಂತ.